ಬೀಜಕ್ಕೆಂದು ಬಿಟ್ಟ ಸಾಲು

ಮದುವೆಯಾಗಿ ರಾಜಾನುಕುಂಟೆಯ ಕಡೆಗೆ ಬರುವ ತನಕ ಆಲೂಗಡ್ಡೆಯ ಗಿಡ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಯಶವಂತಪುರದ ಮಂಡಿಯ ಹಿಂದಿನ ಬೀದಿಯಲ್ಲಿ. ಅಪ್ಪ ಮಂಡಿಯಲ್ಲಿ ತೂಕ ಹಾಕುವ ಕೆಲಸ ಮಾಡುತ್ತಿದ್ದರು. ಆಲೂಗಡ್ಡೆ ಅಂದರೆ ನನಗೆ ಗೋಣಿಚೀಲ, ಲಾರಿಯ ಹಿಂಬಾಗಿಲು, ಮಳೆಗಾಲದಲ್ಲಿ ಕೊಳೆತ ಗಡ್ಡೆಯ ವಾಸನೆ. ಗಂಡನ ಮನೆಗೆ ಬಂದ ಹೊಸತರಲ್ಲಿ ಹಿತ್ತಲ ಹೊಲದಲ್ಲಿ ಬಿಳಿ ಹೂ ಬಿಟ್ಟಿದ್ದ ಗಿಡಗಳನ್ನು ನೋಡಿ, "ಇದ್ಯಾವ ಹೂವಿನ ಗಿಡ, ಚೆನ್ನಾಗಿದ್ಯಲ್ಲ, ಮುಡಿಯೋಕಾಗುತ್ತಾ?" ಅಂದುಬಿಟ್ಟೆ. ಇವರು ನಕ್ಕ ನಗು ಪಕ್ಕದ ಬೀದಿಗೆ ಕೇಳಿಸಿರಬೇಕು. "ಉರ್ಲಗಡ್ಡೆ ಮಂಡಿ ಮನೆ ಮಗಳಂತೆ, ಉರ್ಲಗಡ್ಡೆ ಗಿಡ ಗೊತ್ತಿಲ್ವಂತೆ" ಅಂತ ವರ್ಷಗಟ್ಟಲೆ ಬಂದವರ ಮುಂದೆಲ್ಲ ಹೇಳಿ ನನ್ನ ಮಾನ ಕಳೆದರು. ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಒಂದೇ ಒಂದು ಸಲ ಹಾಗೆ ಅಂದು ನನ್ನನ್ನು ಆಡಿಕೊಳ್ಳಲಿ ಅನ್ನಿಸುತ್ತದೆ.

ಇವರು ಅಂದರೆ ನನ್ನ ಯಜಮಾನರು. ಹಳೇ ಒಕ್ಕಲು ಮನೆತನ ನಮ್ಮದು. ಜಮೀನಿನ ಹೆಚ್ಚು ಪಾಲು ಎಂದೋ ಲೇಔಟ್ ಆಗಿ, ಅಲ್ಲಿ ಮನೆಗಳೆದ್ದು, ಅವಕ್ಕೆ ಎರಡನೇ ಸಲ ಬಣ್ಣ ಹೊಡೆಸುವ ಕಾಲವೂ ಬಂದಿದೆ. ಇವರ ಒಬ್ಬನೇ ತಮ್ಮ, ನನ್ನ ಮೈದುನ, ಮನೆ ಕಟ್ಟಿಸಿಕೊಡುವ ಕೆಲಸ ಹಿಡಿದ. ಇವರು ಮಾತ್ರ ಮನೆಯ ಹಿಂದಿನ ತುಂಡು ಹೊಲ, ಒಂದು ಬೋರು, ಎರಡು ಹಸು ಇಟ್ಟುಕೊಂಡು ಆಲೂಗಡ್ಡೆ ಬೆಳೆಯುತ್ತ ಉಳಿದರು. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದ್ದು ಇವರೇ. ಅಣ್ಣನ ಮಾತೆಂದರೆ ಅವನಿಗೆ ವೇದವಾಕ್ಯ. ಎರಡು ಮೂರು ಕಡೆ ಕಟ್ಟಡ ಎಬ್ಬಿಸುತ್ತಿದ್ದ ಆಸಾಮಿ, ನಮ್ಮ ಮನೆಗೆ ಬಂದರೆ ಅಣ್ಣ ಕೂತ ಮಂಚದ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಬಳಿ ನಿಂತೇ ಕಾಫಿ ಕುಡಿಯುತ್ತಿದ್ದ. ಅಣ್ಣ ಹೀಗೆ ಮಾಡು ಅಂದರೆ ಮಾಡುತ್ತಿದ್ದ. ಯಾಕೆ ಅಂತ ಕೇಳುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ.

ಬೇಸಾಯದಲ್ಲಿ ಇವರದು ಯಾವ ಪಂಗಡಕ್ಕೂ ಸೇರದ ದಾರಿ. ಸಾವಯವ ಅಂತ ವ್ರತ ಹಿಡಿದವರು ಇವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಚೀಲದ ಗೊಬ್ಬರವನ್ನೇ ನಂಬಿದವರು, ಸಗಣಿ ಹೊತ್ತು ಯಾಕೆ ಸಾಯ್ತೀಯಾ ಅನ್ನುತ್ತಿದ್ದರು. ಇವರು ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದರು. ಉತ್ತ ಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಾಲಿಗೆ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಅದರ ಮೇಲೆ ಗೊಬ್ಬರದ ಅಂಗಡಿಯ ಡಿಎಪಿ, ಪೊಟ್ಯಾಷ್, ಆದರೆ ಅಂಗಡಿಯವನು ಹೇಳಿದ್ದರಲ್ಲಿ ಅರ್ಧ. ಯೂರಿಯಾ ಒಂದೇ ಸಲಕ್ಕೆ ಸುರಿಯುತ್ತಿರಲಿಲ್ಲ. ನಾಟಿಗೆ ಸ್ವಲ್ಪ, ಬುಡಕ್ಕೆ ಮಣ್ಣು ಏರಿಸುವಾಗ ಸ್ವಲ್ಪ. "ಚೀಲದ್ದು ಬೇಗ ಕೈಗ್ ಸಿಗ್ತದೆ, ಬೇಗ ಓಗ್ತದೆ. ಸಗಣಿದು ನಿಧಾನ, ಆದ್ರೆ ಇದ್ದು ಉಣ್ಸ್ತದೆ. ಎಲ್ಡೂ ಬೇಕು ಕಣೇ" ಅನ್ನುತ್ತಿದ್ದರು. ಗಿಡ ಅತಿಯಾಗಿ ಸೊಂಪಾಗಿ ಎತ್ತರಕ್ಕೆ ಹೋದರೆ, ಅದನ್ನು ತಡೆದು ಕೆಳಗೆ ಗಡ್ಡೆ ಕಟ್ಟಿಸುವ ಹಾರ್ಮೋನ್ ಔಷಧಿ ಹೊಡೆಯುತ್ತಿದ್ದರು. ಹೊಡೆಯುವಾಗ ಗಿಡಕ್ಕೇ, "ಮೇಲ್ ನೋಡಿದ್ ಸಾಕು, ಕೆಳಗ್ ನೋಡು" ಅನ್ನುವರು. ಮನೆಯಲ್ಲಿ ಒಬ್ಬರ ಹತ್ತಿರವೂ ಅಷ್ಟು ಮಾತಾಡದ ಮನುಷ್ಯ ಗಿಡದ ಹತ್ತಿರ ಹರಟೆ ಹೊಡೆಯುತ್ತಿದ್ದರು.

ಆ ಔಷಧಿ ಬಹಳ ಕಡಿಮೆ ಬೇಕು, ಚಮಚದ ಲೆಕ್ಕ. ಒಂದು ದಿನ ನೋಡುತ್ತೇನೆ, ದೇವರ ಮನೆಯ ಉದ್ಧರಣೆಯಲ್ಲಿ ಅಳೆಯುತ್ತಿದ್ದಾರೆ! ತೀರ್ಥ ಕೊಡುವ ಉದ್ಧರಣೆಯದು. ನಾನು ಆಕಾಶ ಭೂಮಿ ಒಂದು ಮಾಡಿದೆ. ಇವರು ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು ತಂದು ನನ್ನ ಮುಂದಿಟ್ಟು, "ಅದೂ ತೀರ್ಥಾನೇ, ಬೆಳೆ ಬಂದಾಗ ನೋಡು" ಅಂದರು. ಹೊಸ ಉದ್ಧರಣೆ ತರಿಸಿಕೊಂಡೇ ನಾನು ಆ ಮಾತು ಬಿಟ್ಟದ್ದು.

ಭಾನುವಾರ ಒಂದಷ್ಟು ಗಡ್ಡೆಯನ್ನು ಸಹಕಾರನಗರದ ಪಾರ್ಕಿನ ಪಕ್ಕಕ್ಕೆ ತಗೊಂಡು ಹೋಗಿ ಮಾರುತ್ತಿದ್ದೆವು. ಅಲ್ಲಿ ವಾಕಿಂಗ್ ಮುಗಿಸಿ ಬಂದವರೊಬ್ಬರು, "ಇದು ಆರ್ಗ್ಯಾನಿಕ್ಕಾ?" ಅಂತ ಕೇಳಿದರು. ನಾನು ಹೌದು ಅನ್ನುವಷ್ಟರಲ್ಲಿ ಇವರು, "ಅರ್ಧ" ಅಂದರು. ಅರ್ಧ ಅಂದ್ರೆ ಹೇಗ್ರೀ ಅಂತ ಆಯಮ್ಮ. "ನೀವು ಮನೇಲಿ ಮುದ್ದೇನೂ ಉಣ್ತೀರ, ಡಾಕ್ಟ್ರು ಕೊಟ್ರೆ ಮಾತ್ರೇನೂ ನುಂಗ್ತೀರ. ಅಂಗೆ" ಅಂದರು. ಆಯಮ್ಮ ಮುದ್ದೆ ಉಣ್ಣುವವರಂತೆ ಕಾಣಲಿಲ್ಲ. ನಕ್ಕು, ಮುಂದಿನ ಗಾಡಿಗೆ ಹೋದರು. ವ್ಯಾಪಾರ ಕೆಡಿಸಿದಿರಿ ಅಂತ ದಾರಿಯುದ್ದಕ್ಕೂ ಬೈದೆ. ಸುಳ್ಳು ಹೇಳಕ್ಕೆ ಬರೋರು ಉರ್ಲಗಡ್ಡೆ ಯಾಕ್ ಬೆಳೀತಾರೆ, ಸೈಟ್ ಮಾರ್ತಾರೆ ಅಂದರು. ಆವತ್ತು ಜೊತೆಗೆ ಬಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಮೈದುನ ಕೂಡ ನಕ್ಕ.

ಇನ್ನು ಬೀಜದ ವಿಷಯ. ಈ ಕಡೆ ಎಲ್ಲರೂ ಉತ್ತರದಿಂದ ಲಾರಿಯಲ್ಲಿ ಬರುವ ಬೀಜದ ಗಡ್ಡೆಯನ್ನು ಕೊಂಡು ಹಾಕುತ್ತಾರೆ. ಇವರೂ ಮೊದಲು ಹಾಗೇ ಮಾಡುತ್ತಿದ್ದರು. ನಮ್ಮ ಮದುವೆಯಾದ ವರ್ಷ ತಂದ ಬೀಜ ಇವರಿಗೆ ಬಹಳ ಹಿಡಿಸಿತು. ಆವತ್ತಿನಿಂದ ಬೇರೆ ಬೀಜ ತರಲಿಲ್ಲ. ಪ್ರತಿ ಬೆಳೆಯಲ್ಲಿ ಒಂದೊಂದೇ ಸಾಲಿನಲ್ಲಿ ನಡೆದು, ರೋಗವಿಲ್ಲದ, ಎಲೆ ಮುದುಡದ, ಕಾಂಡ ಗಟ್ಟಿಯಿರುವ ಗಿಡ ಆರಿಸಿ, ಪಕ್ಕದಲ್ಲಿ ಕಡ್ಡಿ ನೆಟ್ಟು, ನನ್ನ ಹಳೇ ಸೀರೆಯ ಅಂಚು ಹರಿದು ಕಟ್ಟುವರು. ಆ ಗಿಡದ ಗಡ್ಡೆ ಮುಂದಿನ ಬೆಳೆಗೆ. ವರ್ಷ ಕಳೆದಂತೆ, ಅಂಥ ಬೀಜವನ್ನೆಲ್ಲ ಹೊಲದ ಕೆಳ ತುದಿಯ ಕೆಲವು ಸಾಲುಗಳಿಗೆ ಬೇರೆಯಾಗಿ ಹಾಕಿ, ಆ ಸಾಲುಗಳಿಗೂ ಬಟ್ಟೆ ಕಟ್ಟಿ, ಅದೇ ಬೀಜದ ಸಾಲು ಅಂತ ಆಯಿತು. ಮನೆ ಬೀಜವನ್ನೇ ವರ್ಷ ವರ್ಷ ಹಾಕುತ್ತ ಹೋದರೆ ಸೊರಗುತ್ತದೆ, ರೋಗ ಹಿಡಿಯುತ್ತದೆ ಅಂತ ತಿಳಿದವರು ಹೇಳುತ್ತಿದ್ದರು. ಅದು ನಿಜವೂ ಹೌದು, ಬೆಳೆ ಒಂದೊಂದು ವರ್ಷ ಕಡಿಮೆಯಾಗುತ್ತಿತ್ತು. ಇವರು ಜಪ್ಪಯ್ಯ ಅನ್ನಲಿಲ್ಲ. ನಾವಿಬ್ಬರೂ ಎಷ್ಟು ವರ್ಷ ಒಟ್ಟಿಗೆ ಇದ್ದೆವೋ ಅಷ್ಟೂ ವರ್ಷ ಆ ಗಡ್ಡೆ ಆ ಮಣ್ಣಿನಲ್ಲಿತ್ತು.

ನಮಗೆ ಮಕ್ಕಳಾಗಲಿಲ್ಲ. ಇದನ್ನು ಹೇಳಲೇಬೇಕಾದ್ದರಿಂದ ಹೇಳುತ್ತಿದ್ದೇನೆ. ಅದಕ್ಕೇ ಗಡ್ಡೆಯನ್ನೇ ಮಕ್ಕಳು ಅಂದುಕೊಂಡರು ಪಾಪ ಅಂತ ಯಾರೂ ಕನಿಕರಪಡುವುದು ಬೇಡ. ಗಡ್ಡೆ ಗಡ್ಡೆಯೇ, ಬೇಯಿಸಿ ತಿನ್ನುತ್ತಿದ್ದೆವು.

ಎರಡು ವರ್ಷದ ಹಿಂದೆ ಮನೆಯಲ್ಲಿಟ್ಟ ಗಡ್ಡೆಯೆಲ್ಲ ಮಾರುವ ಮೊದಲೇ ಮೊಳೆತು ಹಾಳಾಯಿತು. ಅದಕ್ಕೆ ಕಳೆದ ಹಿಂಗಾರಿನಲ್ಲಿ ಇವರು ಹೊಸದೊಂದು ಔಷಧಿ ತಂದಿಟ್ಟರು, ಮೊಳಕೆ ತಡೆಯುವ ಹಾರ್ಮೋನು. ಗಿಡ ಇನ್ನೂ ಹಸಿರಾಗಿರುವಾಗಲೇ ಎಲೆಗೆ ಹೊಡೆದರೆ ಅದು ಇಳಿದು ಗಡ್ಡೆ ಸೇರುತ್ತದಂತೆ. ಆಮೇಲೆ ಕಿತ್ತ ಗಡ್ಡೆಯನ್ನು ಎಷ್ಟು ದಿನ ಇಟ್ಟರೂ ಕಣ್ಣಿನಲ್ಲಿ ಮೊಳಕೆ ಬರುವುದಿಲ್ಲ. ಹೊಡೆಯುವ ದಿನ ಹತ್ತಿರ ಬರುವ ಹೊತ್ತಿಗೆ ಇವರಿಗೆ ಎದೆನೋವು ಬಂತು. ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು.

ಆಸ್ಪತ್ರೆಯ ಹಾಸಿಗೆಯಲ್ಲೂ ಇವರಿಗೆ ಅದೇ ಚಿಂತೆ. ಎಲೆ ಹಳದಿಯಾದರೆ ಹೊಡೆದು ಪ್ರಯೋಜನವಿಲ್ಲ ಅಂತ. ಮೈದುನ ಮಂಚದ ಪಕ್ಕ ಕೈಕಟ್ಟಿ ನಿಂತಿದ್ದ. ಇವರು ಉಸಿರು ತಗೊಂಡು ತಗೊಂಡು, "ಎಲ್ಲ ಸಾಲ್ಗೂ ಒಡಿ. ಬಟ್ಟೆ ಕಟ್ಟಿರೋ ಸಾಲ್ ಮಾತ್ರ ಬಿಟ್ಬಿಡು" ಅಂದರು. "ಆಯ್ತಣ್ಣ" ಅಂದ. ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಬೀಜದ ಸಾಲಿಗೆ ಯಾಕೆ ಹೊಡೆಯಬಾರದು ಅಂತ ಇವರು ಹೇಳಲಿಲ್ಲ, ಅವನು ಕೇಳಲಿಲ್ಲ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿರುತ್ತದೆ ಅಂದುಕೊಂಡೆ. ಮಾರನೇ ದಿನ ಸಂಜೆ ಅವನು ಕೈಕಾಲಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಸೀದಾ ಆಸ್ಪತ್ರೆಗೇ ಬಂದು, "ಒಡ್ದಾಯ್ತಣ್ಣ" ಅಂದ. ಇವರು ಅವನ ಮುಂಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ನಾನು ನೋಡಿದ ಹಾಗೆ ಇವರು ತಮ್ಮನ ಕೈ ಹಿಡಿದದ್ದು ಅದೊಂದೇ ಸಲ.

ವಾರ ತುಂಬುವ ಮೊದಲೇ ಇವರು ಹೋಗಿಬಿಟ್ಟರು. ಅದನ್ನು ಬರೆಯಲು ನನಗೆ ಬರುವುದಿಲ್ಲ. ತಿಥಿ ಮುಗಿಯಿತು, ಬಂದವರು ಹೋದರು, ಮಾಡಿದ ಅಡುಗೆ ಹೆಚ್ಚಾಯಿತು ಅನ್ನುವುದಷ್ಟೇ ನೆನಪಿದೆ.

ಗಡ್ಡೆ ಕೀಳುವ ಕೆಲಸವನ್ನು ಮೈದುನ ಆಳಿಟ್ಟು ಮಾಡಿಸಿದ. ಬೀಜದ ಸಾಲಿನದ್ದನ್ನು ಮಾತ್ರ ನಾನೇ ಕಿತ್ತೆ. ಕೋಳಿಮೊಟ್ಟೆ ಗಾತ್ರದವನ್ನು ಆರಿಸಿ, ಕಿಟಕಿಯಿಂದ ತೆಳ್ಳಗೆ ಬೆಳಕು ಬೀಳುವ ಕೋಣೆಯಲ್ಲಿ, ಬಿದಿರಿನ ತಟ್ಟೆಗಳ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿದೆ. ಹುಳ ಬಾರದಿರಲೆಂದು ಲಂಟಾನದ ಎಲೆ ಮುಚ್ಚಿದೆ. ಇದೆಲ್ಲ ಇವರು ಮಾಡುತ್ತಿದ್ದದ್ದನ್ನು ನೋಡಿ ಕಲಿತದ್ದು. ನಾನು ಮನಸ್ಸಿನಲ್ಲಿ ಒಂದೇ ನಿಶ್ಚಯ ಮಾಡಿದ್ದೆ: ಮುಂಗಾರಿಗೆ ಈ ಗಡ್ಡೆಯನ್ನು ಮತ್ತೆ ಆ ಹೊಲಕ್ಕೇ ಹಾಕಬೇಕು. ಹೊಲ ಬಿಟ್ಟು ಸಹಕಾರನಗರದಲ್ಲಿ ಬಾಡಿಗೆ ಮನೆ ಮಾಡಿ ಹಾಯಾಗಿರಿ ಅಂತ ತವರಿನವರು ಹೇಳಿದರು. ಯಾರು ಏನು ಹೇಳಿದರೂ ಇವರ ಗಡ್ಡೆ ನಿಲ್ಲಬಾರದು. ಬೇರೆ ಆಸೆ ನನಗೇನೂ ಇರಲಿಲ್ಲ.

ದಿನಾ ಬೆಳಿಗ್ಗೆ ಆ ಕೋಣೆಯ ಕಿಟಕಿ ತೆಗೆದು ಎಲೆ ಸರಿಸಿ ನೋಡುವುದು ಅಭ್ಯಾಸವಾಯಿತು. ಗಡ್ಡೆ ಕಲ್ಲಿನ ಹಾಗಿತ್ತು. ಸಿಪ್ಪೆ ಸುಕ್ಕಾಗಲಿಲ್ಲ, ಕೊಳೆಯಲಿಲ್ಲ. ನೋಡಲು ಬಂದ ನೆಂಟರು, "ಎಷ್ಟು ಚೆನ್ನಾಗ್ ಕಾಪಾಡಿದೀಯಮ್ಮ, ಅವ್ರಿದ್ರೂ ಇಷ್ಟು ಚೆನ್ನಾಗಿ ಇಡ್ತಿರ್ಲಿಲ್ಲ" ಅಂದರು. ನನಗೆ ಹೆಮ್ಮೆಯಾಯಿತು. ಹೆಮ್ಮೆಪಟ್ಟೆನಲ್ಲ ಅಂತ ಈಗ ಹೊಟ್ಟೆ ಉರಿಯುತ್ತದೆ.

ಯುಗಾದಿ ಕಳೆಯಿತು. ಬಿಸಿಲು ಕಾಯಿತು. ಅಶ್ವಿನಿ, ಭರಣಿ ಅಂತ ಒಂದೆರಡು ಮಳೆಯೂ ಬಿತ್ತು. ಈ ಹೊತ್ತಿಗೆ ಪ್ರತಿ ವರ್ಷ ಬೀಜದ ಗಡ್ಡೆಯ ಕಣ್ಣುಗಳಲ್ಲಿ ಗಿಡ್ಡನೆಯ, ನೇರಳೆ ಬಣ್ಣದ ಮೊಳಕೆಗಳು ಬಂದಿರುತ್ತಿದ್ದವು. ಇವರು ಅದನ್ನು ತೋರಿಸಲು ನನ್ನನ್ನು ಒಲೆ ಮುಂದಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ಈ ಸಲ ಏನೂ ಇಲ್ಲ. ಕೋಣೆ ತಂಪಾಗಿರಬೇಕು ಅಂದುಕೊಂಡೆ. ಬೆಳಕು ಹೆಚ್ಚಾಯಿತೇನೋ ಅಂದುಕೊಂಡೆ. ಒಂದು ದಿನ ಸಾರಿಗೆ ಹಾಕಲು ಅಡುಗೆಮನೆಯ ಬುಟ್ಟಿಗೆ ಕೈ ಹಾಕಿದರೆ, ನಮ್ಮ ಬೆಳೆ ಮಾರಿ ಮುಗಿದ ಮೇಲೆ ಅಂಗಡಿಯಿಂದ ತಂದು ಮರೆತಿದ್ದ ಗಡ್ಡೆಗಳಿಗೆ ಗೇಣುದ್ದದ ಮೊಳಕೆ. ನಾನು ಯಾವ ಆರೈಕೆಯನ್ನೂ ಮಾಡದ, ಕತ್ತಲೆಯಲ್ಲಿ ಬಿದ್ದಿದ್ದ ಗಡ್ಡೆಗಳು ಮೊಳೆತಿದ್ದವು. ಅದರಲ್ಲೊಂದನ್ನು ಹಿಡಿದುಕೊಂಡೇ ಬೀಜದ ಕೋಣೆಗೆ ಹೋಗಿ ಮತ್ತೆ ಎಲೆ ಸರಿಸಿ ನೋಡಿದೆ.

ಇವರು ಔಷಧಿ ತರುತ್ತಿದ್ದ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು, "ಮೊಳಕೆ ತಡೆಯೋದು ತಗೊಂಡೋಗಿದ್ರಲ್ಲ ಅಣ್ಣೋರು, ಅದನ್ನ ಬೀಜದ್ ಸಾಲ್ಗೂ ಒಡ್ದ್ರಾ?" ಅಂದ.

"ಇಲ್ಲಪ್ಪ, ಬೀಜದ ಸಾಲು ಬಿಟ್ಟಿದೀವಿ. ನನ್ನೆದುರಿಗೇ ಹೇಳಿದ್ರು" ಅಂದೆ, ಜಗಳಕ್ಕೆ ಬಂದವಳ ಹಾಗೆ.

"ಬಿಟ್ಟಿದ್ರೆ ಮೊಳೀಬೇಕಿತ್ತಲ್ಲಮ್ಮ" ಅಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಅವತ್ತು ಸಂಜೆ ಮೈದುನ ಬಂದ. ಇವರು ಹೋದ ಮೇಲೂ ಅವನು ಆ ಮಂಚದ ಮೇಲೆ ಕೂರುವುದಿಲ್ಲ. ಕಾಫಿ ಕೊಟ್ಟು, ಅನುಮಾನ ಬಾರದ ಹಾಗೆ, ಆವತ್ತು ಔಷಧಿ ಸರಿಯಾಗಿ ಸಾಕಾಯ್ತೇನಪ್ಪ ಅಂತ ಕೇಳಿದೆ. ಅವನ ಮುಖ ಅರಳಿತು. ಅಣ್ಣನ ಕೆಲಸದ ವಿಷಯ ಯಾರೂ ಅವನನ್ನು ಕೇಳಿರಲಿಲ್ಲ ಅಂತ ಕಾಣುತ್ತದೆ.

"ಸಾಲೋದೇನ್ ಬಂತು ಅತ್ತಿಗೆ, ಮಿಕ್ಕಿತ್ತು. ನಾನು ಅಳತೆ ಇಡ್ದು ಒಡ್ದೆ, ಒಂದ್ ತೊಟ್ಟು ಪೋಲ್ ಮಾಡ್ಲಿಲ್ಲ. ಅಣ್ಣ ಬಟ್ಟೆ ಕಟ್ಟಿರೋ ಸಾಲು ಬಿಡು ಅಂದಿದ್ನಲ್ಲ, ಎಲ್ಲಿ ಸಾಲ್ದೆ ಓಗ್ತದೋ ಅಂತ ಅಂಗಂದವ್ನೆ. ಟ್ಯಾಂಕ್ನಲ್ಲಿ ಇನ್ನೂ ಇತ್ತು. ಬದೂಗೆ ಚೆಲ್ಲಂಗಿಲ್ಲ, ಅಸ ಮೇಯ್ತವೆ. ಅದ್ಕೇ ಮಿಕ್ಕಿದ್ದನ್ನೆಲ್ಲ ಬೀಜದ್ ಸಾಲ್ಗೇ ಆಕ್ದೆ. ಚೆನ್ನಾಗಿರೋ ಗಿಡಕ್ಕೆ ಇನ್ನಷ್ಟು ಬಲ ಬರ್ಲಿ ಅಂತ. ಎಲೆ ಇಂದೆ ಮುಂದೆ ಎಲ್ಲ ನೆನೆಯಂಗೆ ಒಡ್ದಿದೀನಿ."

ಅವನು ಹೇಳಿದ್ದರಲ್ಲಿ ಒಂದೂ ತಪ್ಪಲ್ಲ ಅನ್ನುವುದೇ ನನ್ನ ಸಂಕಟ. ಉಳಿದ ಔಷಧಿಯನ್ನು ಬದುವಿಗೆ ಚೆಲ್ಲಬಾರದು ಅನ್ನುವುದು ನಮ್ಮ ಮಾವನವರ ಕಾಲದ ಕಟ್ಟಪ್ಪಣೆ. ಹಿಂದೊಂದು ಸಲ ಹಾಗೆ ಚೆಲ್ಲಿ, ಗಬ್ಬದ ಹಸು ಸತ್ತಿತ್ತಂತೆ. ಬಿಡು ಅಂದರೆ ಬೇಡ ಅಂತಲ್ಲ, ಎಲ್ಲರಿಗೂ ಸಾಲದು ಅಂತ ಅರ್ಥವಾಗುವುದೂ ಆ ಮನೆಯ ಪದ್ಧತಿಯೇ. ಇಬ್ಬರೂ ಚಿಕ್ಕವರಿದ್ದಾಗಿನಿಂದ ಅಣ್ಣ ಯಾವಾಗಲೂ ತನಗೆ ಬೇಕಾದದ್ದನ್ನೇ ಕೊನೆಗೆ ಬಿಡುತ್ತಿದ್ದ. ತಮ್ಮನ ತಟ್ಟೆಗೆ ಬಡಿಸಿ, ನನಗೆ ಬಿಡಮ್ಮ ಅನ್ನುತ್ತಿದ್ದ. ತಾಯಿ ಉಳಿದದ್ದನ್ನು ಕೊನೆಗೆ ಅಣ್ಣನಿಗೇ ಬಡಿಸುತ್ತಿದ್ದಳು. ಇಲ್ಲಿಯೂ ತಮ್ಮ ಅದನ್ನೇ ಮಾಡಿದ್ದ. ಅವನಿಗೆ ತಿಳಿದಂತೆ ಅಣ್ಣ ತರುತ್ತಿದ್ದ ಔಷಧಿಯೆಲ್ಲ ಬೆಳೆಗೆ ಬಲ ಕೊಡುವಂಥದ್ದೇ.

ನನಗೆ ಕೂಗಾಡಬೇಕು ಅನ್ನಿಸಿತು. ಬಾಯಿ ತೆರೆದೆ ಕೂಡ. ಅವನು ಖಾಲಿ ಲೋಟ ಹಿಡಿದು ನಿಂತಿದ್ದ. ಮೂರು ತಿಂಗಳಲ್ಲಿ ಕೊರಳ ಮೂಳೆ ಕಾಣುವಷ್ಟು ಇಳಿದುಹೋಗಿದ್ದ. ಅಣ್ಣ ಹೇಳಿದ ಕೊನೆಯ ಕೆಲಸವದು. ಅದನ್ನು ಅಚ್ಚುಕಟ್ಟಾಗಿ ಮಾಡಿದೆ, ಅಣ್ಣ ಕೈ ಹಿಡಿದುಕೊಂಡ ಅನ್ನುವುದನ್ನೇ ಅವನು ಹಗಲೂ ರಾತ್ರಿ ಎಣಿಸಿಕೊಂಡು ಬದುಕಿದ್ದ. "ಒಳ್ಳೇದ್ ಮಾಡ್ದೆ ಬಿಡಪ್ಪ" ಅಂದು ಲೋಟ ಇಸಕೊಂಡು ಒಳಗೆ ಹೋದೆ. ಒಳಗೆ ಹೋಗಿ ಇವರ ಮೇಲೆ ಸಿಟ್ಟು ಮಾಡಿಕೊಂಡೆ. ಗಿಡಗಳ ಹತ್ತಿರ ಅಷ್ಟು ಮಾತಾಡುತ್ತಿದ್ದ ಮಹಾರಾಯರು ತಮ್ಮನ ಹತ್ತಿರ ಇನ್ನೊಂದು ಮಾತು ಆಡಬಾರದಿತ್ತೇ?

ಮರುದಿನ ಮತ್ತೆ ಅಂಗಡಿಗೆ ಹೋದೆ. ತಡೆಯುವ ಔಷಧಿ ಇದ್ದ ಮೇಲೆ ಎಬ್ಬಿಸುವ ಔಷಧಿಯೂ ಇರಬೇಕಲ್ಲ ಅಂದೆ. ಇದೆ. ಹೊಸದಾಗಿ ಕಿತ್ತ ಗಡ್ಡೆ ಬೇಗ ಮೊಳೆಯಲಿ ಅಂತ ಅದ್ದುವ ಹಾರ್ಮೋನು. "ಆದ್ರೆ ಅದು ಮಲಗಿರೋದನ್ನ ಎಬ್ಸ್ತದಮ್ಮ. ಇದು ಮಲಗಿರೋದಲ್ಲ" ಅಂದ. ನಾನು ಕೊಡು ಅಂದೆ. ಅವನು ಹೇಳಿದ ಹದದಲ್ಲಿ ನೀರಿಗೆ ಬೆರೆಸಿ, ಗಡ್ಡೆಗಳನ್ನು ಅದ್ದಿ, ನೆರಳಲ್ಲಿ ಆರಿಸಿ, ನೆನೆದ ಗೋಣಿ ಹೊದಿಸಿದೆ. ಕೆಲವು ಗಡ್ಡೆಗಳ ಕಣ್ಣು ಸ್ವಲ್ಪ ಉಬ್ಬಿತು. ಸಾಸಿವೆಯಷ್ಟು ಬಿಳಿ ಚುಕ್ಕೆ ಬಂತು. ಅದನ್ನು ಕಂಡು ನಾನು ಆ ಕೋಣೆಯಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ಚುಕ್ಕೆ ಅಲ್ಲೇ ನಿಂತು ಕಪ್ಪಾಯಿತು. ಮತ್ತೆ ಕೆಲವು ಗೋಣಿಯ ತೇವಕ್ಕೆ ಕೊಳೆತವು.

ಕೊಳೆಯದೆ ಉಳಿದವನ್ನು ಭೂಮಿಗೇ ಹಾಕಿಬಿಟ್ಟೆ. ಮಣ್ಣಿನ ಬಿಸಿಗಾದರೂ ಮೊಳೆಯಲಿ ಅಂತ. ಇವರು ಹೇಗೆ ಮಾಡುತ್ತಿದ್ದರೋ ಹಾಗೇ ಎಲ್ಲ ಮಾಡಿದೆ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹಿಂಡಿ, ಅಂಗಡಿಯದ್ದು ಅರ್ಧ. ಯಾವುದಕ್ಕೂ ಕೊರತೆ ಮಾಡಲಿಲ್ಲ. ಹದವಾದ ಮಳೆಯೂ ಬಂತು. ಸಾಲಿನಲ್ಲಿ ಕಳೆ ಹುಟ್ಟಿತು, ಗೊಬ್ಬರದಲ್ಲಿ ಬಂದಿದ್ದ ಟೊಮೆಟೊ ಬೀಜ ಕೂಡ ಹುಟ್ಟಿತು. ಕಾದು ಕಾದು, ಒಂದು ಬೆಳಿಗ್ಗೆ ಕೂತು ಕೈಯಲ್ಲೇ ಮಣ್ಣು ಬಗೆದೆ. ಗಡ್ಡೆ ನಾನಿಟ್ಟ ಕಡೆಯೇ ಇತ್ತು. ಬೇರಿಲ್ಲ, ಮೊಳಕೆಯಿಲ್ಲ, ಒರೆಸಿದರೆ ಸಿಪ್ಪೆ ಹೊಳೆಯಿತು. ಇನ್ನೊಂದು ತೆಗೆದೆ, ಹಾಗೇ. ಮತ್ತೊಂದು ತೆಗೆದೆ, ಅದೂ ಹಾಗೇ. ಇವರು ತೀರಿಕೊಂಡ ದಿನ ನಾನು ಜನರ ನಡುವೆ ಸರಿಯಾಗಿ ಅತ್ತಿರಲಿಲ್ಲ. ಆವತ್ತು ಆ ಸಾಲಿನಲ್ಲಿ ಕೂತು ಅತ್ತೆ. ಲೇಔಟಿನ ಮೂರನೇ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನೋಡುತ್ತ ನಿಂತಳು. ನೋಡಲಿ ಅಂತ ಅತ್ತೆ.

ಆಗ ಮೈದುನ ದೇವನಹಳ್ಳಿಯ ಕಡೆ ಕೆಲಸ ಹಿಡಿದು ಅಲ್ಲೇ ಉಳಿದಿದ್ದ. ದಿನಾ ಫೋನು. "ಅತ್ತಿಗೆ, ಅಣ್ಣನ್ ಗಡ್ಡೆ ಉಟ್ತಾ?" ಬೇರೆ ಮಾತೇ ಇಲ್ಲ. ಹುಟ್ಟುತ್ತಿದೆಯಪ್ಪ ಅಂದುಬಿಟ್ಟೆ. ಅಂದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಬೀಜದಂಗಡಿಯಲ್ಲಿ ಅದೇ ಗಾತ್ರದ, ಆಗಲೇ ಮೊಳೆತಿದ್ದ ಗಡ್ಡೆ ತಂದೆ. ಮೂವತ್ತು ಚಿಲ್ಲರೆ ವರ್ಷ ನಮ್ಮ ಹೊಲಕ್ಕೆ ಬಾರದ ಹೊರಗಿನ ಬೀಜವನ್ನು ನನ್ನ ಕೈಯಾರೆ ಆ ಸಾಲಿಗೆ ಇಟ್ಟೆ. ಮಣ್ಣಿನಿಂದ ತೆಗೆದ ಇವರ ಗಡ್ಡೆಯನ್ನು ಹಸುವಿನ ಗೊಬ್ಬರದ ಗುಂಡಿಗೆ ಹಾಕಿದೆ. ಅದ್ದದೆ ಬೇರೆ ಎತ್ತಿಟ್ಟಿದ್ದ ಕೆಲವು ಮನೆಯಲ್ಲಿದ್ದವು. ಮೊಳೆಯದ ಆಲೂಗಡ್ಡೆಯನ್ನು ಇನ್ನೇನು ಮಾಡುತ್ತಾರೆ? ಬೇಯಿಸಿ, ಒಗ್ಗರಣೆ ಹಾಕಿ, ಒಬ್ಬಳೇ ಕೂತು ತಿಂದೆ. ವಿಶೇಷ ರುಚಿಯೇನೂ ಇರಲಿಲ್ಲ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಹೊಸ ಬೀಜ ಬೇಗ ಹುಟ್ಟಿತು. ಮೈದುನ ಬಂದವನು ಚಪ್ಪಲಿ ಬದುವಿನಲ್ಲೇ ಬಿಟ್ಟು ಸಾಲಿಗಿಳಿದ. ಕುಕ್ಕರಗಾಲಲ್ಲಿ ಕೂತು ಎಲೆಯನ್ನು ಒಂದು ಬೆರಳಿನಿಂದ ಮುಟ್ಟಿದ. "ಇಲ್ಲೇ ಅವ್ನೆ ಅತ್ತಿಗೆ ಅಣ್ಣ" ಅಂದು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಅವನು ಸರಿಹೋದ. ಊಟ ಸೇರಿತು. ವಾರಕ್ಕೆರಡು ಸಲ ಕಟ್ಟಡದ ಕೆಲಸ ಬಿಟ್ಟು ಬಂದು ಕಳೆ ಕಿತ್ತ, ಮಣ್ಣು ಏರಿಸಿದ. ಒಳ್ಳೇ ಗಿಡ ಯಾವುದು ಅಂತ ಆರಿಸುವುದನ್ನು ನನ್ನಿಂದ ಕೇಳಿ ಕಲಿತು, ನನ್ನ ಸೀರೆಯ ಅಂಚು ತಾನೇ ಹರಿದು ಕಟ್ಟಿದ. ಇಲ್ಲೇ ಹತ್ತಿರದ ಸಿಂಗಾಪುರದಲ್ಲಿರುವ ನೆಂಟರನ್ನೆಲ್ಲ ಕರೆತಂದು, ಇದು ನಮ್ಮಣ್ಣನ ತಳಿ, ಇನ್ನೆಲ್ಲೂ ಸಿಕ್ಕಲ್ಲ ಅಂತ ತೋರಿಸಿದ. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಅಂದೆ. ಅವನ ಅಣ್ಣ ಅವನಿಗೆ ಸಿಕ್ಕಿದ್ದ. ನನಗೆ ಸಿಕ್ಕಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅವನು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಹಿತ್ತಲಿಗೆ ಬಂದ. ಎಲೆ ಇನ್ನೂ ಹಸಿರಾಗಿತ್ತು. ಕೈಯಲ್ಲಿ ಅದೇ ಔಷಧಿಯ ಬಾಟಲಿ.

"ಅಣ್ಣ ತರ್ಸಿದ್ದೇ ಉಡ್ಕಿ ತಂದಿದೀನಿ ಅತ್ತಿಗೆ. ಓದ್ಸಲಿ ಬೀಜದ್ ಸಾಲ್ಗೂ ಬಿದ್ದಿದ್ಕೇ ಅಲ್ವಾ ಇಷ್ಟ್ ಚೆನ್ನಾಗ್ ಬಂದಿರೋದು? ಈ ಸಲಿ ಮೊದ್ಲು ಬಟ್ಟೆ ಕಟ್ಟಿರೋದ್ಕೇ ಆಕ್ತೀನಿ, ಮಿಕ್ಕಿದ್ರೆ ಉಳಿದಿದ್ಕೆ."

ಬೇಡ ಅನ್ನಬೇಕಿತ್ತು. ಅಂದರೆ ಯಾಕೆ ಅನ್ನುತ್ತಾನೆ. ಅಣ್ಣನನ್ನು ಒಂದು ದಿನವೂ ಯಾಕೆ ಅಂತ ಕೇಳದವನು, ನನ್ನನ್ನು ಈಗ ಎಲ್ಲದಕ್ಕೂ ಯಾಕೆ ಅಂತ ಕೇಳುತ್ತಾನೆ. ಕಲಿಯುವ ಆಸೆ ಬಂದಿದೆ. ಇದಕ್ಕೆ ಕಾರಣ ಹೇಳಿದರೆ ಹೋದ ಸಲದ್ದು ಅವನಿಗೆ ತಾನಾಗಿಯೇ ತಿಳಿಯುತ್ತದೆ.

"ಹಾಕಪ್ಪ" ಅಂದೆ.

ಅವನು ಬಟ್ಟೆ ಕಟ್ಟಿದ ಗಿಡಗಳನ್ನು ಒಂದೊಂದಾಗಿ, ಎಲೆಯ ಹಿಂದೆ ಮುಂದೆ ನೆನೆಯುವ ಹಾಗೆ, ಬಹಳ ಪ್ರೀತಿಯಿಂದ ನೆನೆಸಿದ. ಹೊಡೆಯುತ್ತ ಗಿಡಕ್ಕೇನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ನಾನು ಒಳಗೆ ಬಂದು ಕಾಫಿಗೆ ನೀರಿಟ್ಟೆ. ಮುಂದಿನ ಬೆಳೆಗೆ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಬೀಜ ತರಬೇಕು, ಅವನು ಊರಲ್ಲಿಲ್ಲದ ದಿನ ನೋಡಿಕೊಂಡು.